ಸಹಾಯ ಬೇಕು: ವಿಆರ್‌ನಲ್ಲಿ ‘ಅಲ್ಲೇ ಇದ್ದೇನೆ’ ಎಂಬ ಭಾವವನ್ನು ಇಇಜಿಯಿಂದ ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಇಇಜಿ (ತಲೆಗೆ ಎಲೆಕ್ಟ್ರೋಡ್ ಇಟ್ಟು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವುದು) ಕೆಲಸ ಮಾಡಿದವರಿದ್ದರೆ ದಯವಿಟ್ಟು ದಾರಿ ತೋರಿಸಿ.

ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಹಾಕಿಕೊಂಡು, ಅದು ತೋರಿಸುವ ಪ್ರಪಾತದ ಅಂಚಿನಲ್ಲಿ ನಿಂತರೆ, ಕಾಲಡಿ ಲ್ಯಾಬಿನ ನೆಲವೇ ಇದೆಯೆಂದು ಗೊತ್ತಿದ್ದರೂ ಹೆಜ್ಜೆ ಮುಂದಕ್ಕೆ ಬರುವುದಿಲ್ಲ. ಈ ಭಾವವನ್ನು ಸಾಮಾನ್ಯವಾಗಿ ಪ್ರಶ್ನಾವಳಿಯಿಂದ ಅಳೆಯುತ್ತಾರೆ. ಆದರೆ ಹೆಡ್‌ಸೆಟ್ ಕಳಚಿದ ಮೇಲೆ ಕೇಳಿದರೆ ಸಿಗುವುದು ನೆನಪು ಮಾತ್ರ. ನಡುವೆ ಕೇಳಿದರೆ ಭಾವವೇ ಕಲಕಿಹೋಗುತ್ತದೆ. ಅದಕ್ಕೇ ಮಿದುಳನ್ನೇ ಕೇಳೋಣ ಅನ್ನಿಸಿತು.

2012ರಲ್ಲಿ ಕೋಬರ್ ಮತ್ತು ನ್ಯೂಪರ್ ಎಂಬ ಸಂಶೋಧಕರು ಬಳಸಿದ ಉಪಾಯ ನನಗೆ ತುಂಬಾ ಹಿಡಿಸಿದೆ. ದೃಶ್ಯಕ್ಕೆ ಸಂಬಂಧವಿಲ್ಲದ ಬೀಪ್ ಶಬ್ದ ಕೇಳಿಸಿ, ಅದಕ್ಕೆ ಮಿದುಳು ಹೇಗೆ ಸ್ಪಂದಿಸುತ್ತದೆಂದು ನೋಡುವುದು. ಆ ಲೋಕದಲ್ಲಿ ಮುಳುಗಿದವರಲ್ಲಿ ಬೀಪ್‌ಗೆ ಉಳಿಯುವ ಗಮನ ಕಡಿಮೆ ಎಂಬುದು ತರ್ಕ.

ನನ್ನ ತೊಂದರೆ ಶುರುವಾಗುವುದು ಇಲ್ಲಿ. ಹೆಡ್‌ಸೆಟ್‌ನ ಪಟ್ಟಿ ತಲೆಯ ಹಿಂಭಾಗದ ಎಲೆಕ್ಟ್ರೋಡ್‌ಗಳನ್ನು ಒತ್ತುತ್ತದೆ. ಮಿದುಳಿನ 8ರಿಂದ 13 ಹರ್ಟ್ಸ್‌ನ ಆಲ್ಫಾ ಅಲೆ ಚೆನ್ನಾಗಿ ಸಿಗಬೇಕಾದ ಜಾಗವೇ ಅದು! ತಲೆ ತಿರುಗಿಸಿದರೆ ಕುತ್ತಿಗೆ ಸ್ನಾಯುಗಳ ಗದ್ದಲ, ಜೊತೆಗೆ ಕರೆಂಟಿನ 50 ಹರ್ಟ್ಸ್ ಗದ್ದಲ. ಕಣ್ಣು ಮಿಟುಕಿಸಿದ್ದನ್ನು ಐಸಿಎಯಿಂದ (ಬೆರೆತ ಸಂಕೇತಗಳನ್ನು ಬಿಡಿಸುವ ಗಣಿತದ ವಿಧಾನ) ತೆಗೆಯಬಲ್ಲೆ, ಸ್ನಾಯುವಿನದ್ದು ಪೂರ್ತಿ ಹೋಗುತ್ತಿಲ್ಲ. (ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ ಅಂತ ಪ್ರತಿಯೊಬ್ಬರಿಗೂ ಹಿಂದಿನ ದಿನವೇ ಹೇಳುತ್ತಿದ್ದೇನೆ.)

ಇದಕ್ಕಿಂತ ದೊಡ್ಡ ಪ್ರಶ್ನೆ: ಕಷ್ಟದ ಲೆಕ್ಕ ಮಾಡುವಾಗಲೂ ಬೀಪ್‌ನತ್ತ ಗಮನ ಕಡಿಮೆಯಾಗುತ್ತದಲ್ಲ? ಹಾಗಾದರೆ ನಾನು ಅಳೆಯುತ್ತಿರುವುದು ‘ಅಲ್ಲಿರುವ’ ಭಾವವನ್ನೋ, ಬರೀ ಏಕಾಗ್ರತೆಯನ್ನೋ? ಇವೆರಡನ್ನು ಬೇರ್ಪಡಿಸಲು ಹೋಲಿಕೆಗೆ ಯಾವ ಪ್ರಯೋಗ ಇಡಬೇಕು? ಅದೇ ದೃಶ್ಯವನ್ನು ಮಾಮೂಲಿ ಪರದೆಯ ಮೇಲೆ ತೋರಿಸಿದರೆ ಸಾಕೇ?

ಬೆಂಗಳೂರು, ಮೈಸೂರು ಕಡೆ ಯಾರಾದರೂ ತಮ್ಮ ಲ್ಯಾಬಿನಲ್ಲಿ ಇಇಜಿ ಕ್ಯಾಪ್ ಮತ್ತು ಹೆಡ್‌ಸೆಟ್ ಒಟ್ಟಿಗೆ ಕೂರಿಸುವುದನ್ನು ತೋರಿಸಿದರೆ ನಾನೇ ಬರುತ್ತೇನೆ.