ಗಾಲಿಯ ಹಿಂದೆ ಬಂದ ಮಾತು

ಭಾನುವಾರ ನಮ್ಮ ಜಗಲಿಯಲ್ಲಿ ಕಾಫಿಗೆ ಸೇರುವ ನಾಲ್ವರ ಪೈಕಿ ರಾಯರಿಗೆ ರಥವೆಂದರೆ ನೂರಾರು ಜನ ಹಗ್ಗ ಹಿಡಿದು ಎಳೆಯಬೇಕಾದ, ಜಾತ್ರೆ ಮುಗಿದರೆ ವರ್ಷವಿಡೀ ತಗಡಿನ ಶೆಡ್ಡಿನಲ್ಲಿ ನಿಲ್ಲುವ ವಾಹನ. ಈಜಿಪ್ಟಿನ ಯುದ್ಧರಥವನ್ನು ಇಬ್ಬರು ಸಲೀಸಾಗಿ ಎತ್ತಬಹುದಿತ್ತೆಂದು ಮೇಷ್ಟ್ರು ಹೇಳಿದಾಗ ಅವರಿಗೆ ಕಾಫಿ ನೆತ್ತಿಗೇರಿತು.

"ಈಗಿನ ಇರಾಕಿನ ದಕ್ಷಿಣದಲ್ಲಿದ್ದ ಸುಮೇರಿನವರ ಬಂಡಿಗೆ ಹಲಗೆ ಜೋಡಿಸಿದ ಗಟ್ಟಿ ಗಾಲಿಗಳಿದ್ದವು ರಾಯರೇ. ಹಗುರವಾದದ್ದು ಅರಗಳು ಬಂದ ಮೇಲೆ. ಕ್ರಿ.ಪೂ. 2000ದ ಸುಮಾರಿಗೆ ಉರಲ್ ಪರ್ವತಗಳ ದಕ್ಷಿಣದ ಸಿಂತಾಷ್ಟಾ ಜನರು ಸತ್ತವರೊಡನೆ ರಥವನ್ನೂ ಹೂಳುತ್ತಿದ್ದರು. ಮರ ಕೊಳೆತುಹೋದರೂ ಗಾಲಿ ಕೂರಿಸಲು ತೋಡಿದ ಕುಳಿಗಳ ಮಣ್ಣಿನಲ್ಲಿ ಅರಗಳ ಗುರುತು ಉಳಿದಿದೆ."

"ಗಾಡಿಯನ್ನು ಯಾರು ಬೇಕಾದರೂ ಕೊಳ್ಳಬಹುದು, ಓಡಿಸಲು ಕಲಿಸುವವರು ಬೇಡವೇ?" ಎಂದು ಗ್ಯಾರೇಜಿನ ಗೌಡರು ಕೇಳಿದರು.

ಮೇಷ್ಟ್ರು ಇದಕ್ಕೇ ಕಾದಿದ್ದವರಂತೆ ನೆಟ್ಟಗೆ ಕುಳಿತರು. ಸುಮಾರು 3,400 ವರ್ಷಗಳ ಹಿಂದೆ ಈಗಿನ ಉತ್ತರ ಸಿರಿಯಾದ ಕಡೆಯಿದ್ದ ಮಿತನ್ನಿ ರಾಜ್ಯದ ಕಿಕ್ಕುಲಿ ಎಂಬ ಅಶ್ವಶಿಕ್ಷಕನ ಹೆಸರಿನಲ್ಲಿ ರಥದ ಕುದುರೆಗಳನ್ನು ತಿಂಗಳುಗಟ್ಟಲೆ ಪಳಗಿಸುವ ಕ್ರಮವನ್ನು, ಎಂದು ಓಡಿಸಬೇಕು, ಎಂದು ಉಪವಾಸ ಕೆಡವಬೇಕು ಎಂಬುದರ ಸಮೇತ, ಈಗಿನ ಟರ್ಕಿಯಲ್ಲಿ ಆಳುತ್ತಿದ್ದ ಹಿಟೈಟರ ಭಾಷೆಯಲ್ಲಿ ಮಣ್ಣಿನ ಹಲಗೆಗಳ ಮೇಲೆ ಬರೆದಿಡಲಾಯಿತು. ಬರಹ ಹಿಟೈಟಿನದಾದರೂ, ಕುದುರೆಯ ಸುತ್ತುಗಳ ಲೆಕ್ಕ ಮಾತ್ರ ಐಕವರ್ತನ್ನ, ತೇರವರ್ತನ್ನ, ಪಂಜವರ್ತನ್ನ, ಸತ್ತವರ್ತನ್ನ ಎಂದೇ ಉಳಿಯಿತು.

"ಏಕ, ಪಂಚ, ಸಪ್ತ! ಹಾಗಾದರೆ ಅವರು ನಮ್ಮ ಕಡೆಯವರೇ!" ಎಂದು ರಾಯರು ಎದ್ದೇ ನಿಂತರು.

"ಕುಳಿತುಕೊಳ್ಳಿ. ಮಿತನ್ನಿಯ ಜನ ದಿನನಿತ್ಯ ಆಡುತ್ತಿದ್ದದ್ದು ಹುರ್ರಿಯನ್ ಭಾಷೆ. ಗೌಡರ ಗ್ಯಾರೇಜಿನಲ್ಲಿ ಕ್ಲಚ್ಚು, ಗೇರು ಎನ್ನುವ ಹುಡುಗರೆಲ್ಲ ಲಂಡನ್ನಿನವರೇ? ಕಸುಬು ಬಂದ ದಾರಿಯಲ್ಲಿ ಅದರ ಮಾತೂ ಬರುತ್ತದೆ."

ಗೌಡರು ಈ ಹೋಲಿಕೆಗೆ ಎಷ್ಟು ಹಿಗ್ಗಿದರೆಂದರೆ ಎರಡನೆಯ ಲೋಟ ಕಾಫಿಯನ್ನು ತಾವೇ ಬಗ್ಗಿಸಿದರು. ಕ್ರಿ.ಪೂ. 1200ರ ಹೊತ್ತಿಗೆ ರಥವು ಚೀನಾದ ಅನ್ಯಾಂಗ್ ತಲುಪಿತ್ತು ಎಂಬ ಸಂಗತಿ ಆ ಸದ್ದಿನಲ್ಲೇ ಮುಳುಗಿತು. ಕಾದೇಶ್ ಯುದ್ಧದಲ್ಲಿ ಈಜಿಪ್ಟಿನವರ ರಥಕ್ಕೆ ಇಬ್ಬರು, ಹಿಟೈಟರ ರಥಕ್ಕೆ ಮೂವರು ಎಂದಾಗ, "ತ್ರಿಬಲ್ ರೈಡಿಂಗ್, ದಂಡ ಹಾಕಬೇಕಿತ್ತು" ಎಂದು ನಾನೂ ಒಂದು ಮಾತು ಸೇರಿಸಿದೆ; ಯಾರೂ ನಗಲಿಲ್ಲ.

ಕೊನೆಗೆ ಮೇಷ್ಟ್ರು ಈಜಿಪ್ಟಿನ ದೊರೆ ತುತಂಖಾಮನ್‌ನ ಸಮಾಧಿಯ ವಿಷಯ ತೆಗೆದರು. 1922ರಲ್ಲಿ ಪತ್ತೆಯಾದ ಆ ಸಮಾಧಿಯಲ್ಲಿ ಒಟ್ಟು ಆರು ರಥಗಳು ಸಿಕ್ಕವು. ಅವನ್ನು ಒಳಗಿಡುವಾಗ ಓಣಿ ಇಕ್ಕಟ್ಟಾಗಿ, ಹೂಳಲು ಬಂದವರು ಅಚ್ಚುಗಳನ್ನೇ ಗರಗಸದಿಂದ ಕೊಯ್ದಿದ್ದರು.

ಗೌಡರ ಮುಖ ಕಪ್ಪಿಟ್ಟಿತು. "ಕಡಾಣಿ ತೆಗೆದು ಗಾಲಿ ಬಿಚ್ಚಿ, ಅಚ್ಚನ್ನು ಓರೆ ಮಾಡಿ ನೋಡಬಾರದಿತ್ತೇ?" ಎಂದು ಮನೆಗೆ ಹೊರಟವರು, ಗೇಟಿನ ಬಳಿ ನಿಂತು ಮತ್ತೊಮ್ಮೆ ಅದನ್ನೇ ಕೇಳಿದರು.