ಸಹಾಯ ಬೇಕು: ಆಲ್ಪ್ಸ್‌ನ ಷಾಲೆಯಲ್ಲಿ ಸಸ್ಯಾಹಾರದ ಊಟದ ಬಗ್ಗೆ
ಎಲ್ಲರಿಗೂ ನಮಸ್ಕಾರ. ಲಂಡನ್ನಿನಲ್ಲಿರುವ ನಾವು ಹತ್ತು ಮಂದಿ ಗೆಳೆಯರು ಜನವರಿಯಲ್ಲಿ ಸ್ಕೀಯಿಂಗ್‌ಗೆಂದು ಫ್ರಾನ್ಸಿನ ಮೆರಿಬೆಲ್‌ನಲ್ಲಿ, ಅಡುಗೆಯವರೂ ಇರುವ ‘ಷಾಲೆ’ (chalet) ಎಂಬ ಮರದ ಮನೆಯೊಂದನ್ನು ಶನಿವಾರದಿಂದ ಶನಿವಾರದವರೆಗೆ ಕಾಯ್ದಿರಿಸಿದ್ದೇವೆ (ಊರಿನಿಂದ ಅಮ್ಮ ‘ಈ ವಯಸ್ಸಿನಲ್ಲಿ ಯಾವ ಶಾಲೆಯೋ’ ಎಂದು ಕೇಳಿದರು). ಬೆಳಗಿನ ತಿಂಡಿ, ಸಂಜೆಯ ಚಹಾ, ಕೇಕ್ ಮತ್ತು ಆರು ರಾತ್ರಿಗಳ ಊಟ ಅವರದು. ಒಂದು ರಾತ್ರಿ ಅಡುಗೆಯವರಿಗೆ ರಜೆ.

ನಮ್ಮಲ್ಲಿ ಮೂವರು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಇದನ್ನು ಷಾಲೆಯವರಿಗೆ ಎರಡು ಬಾರಿ ಇಮೇಲ್‌ನಲ್ಲಿ ವಿವರಿಸಿದೆ. ಮೊದಲ ಸಲ, ಮೀನು ಆಗಬಹುದೇ ಎಂದು ಕೇಳಿದರು. ಎರಡನೆಯ ಸಲ, ಹಂದಿಮಾಂಸದ ತುಂಡುಗಳನ್ನು ಬಿಟ್ಟು ತಾರ್ತಿಫ್ಲೆತ್ ಎಂಬ ಫ್ರೆಂಚ್ ತಿನಿಸು ಮಾಡಿಕೊಡುವುದಾಗಿ ಉತ್ತರಿಸಿದರು. ಆದರೆ ಅದರಲ್ಲಿ ಆಲೂಗಡ್ಡೆಯ ಮೇಲೆ ಕರಗಿಸುವ ರೆಬ್ಲೊಶೋನ್ ಚೀಸಿಗೆ ಹಾಲು ಹೆಪ್ಪುಗಟ್ಟಿಸುವುದೇ ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ ಎಂಬುದನ್ನು ಅವರಿಗೆ ಹೇಗೆ ತಿಳಿಹೇಳುವುದೆಂದು ತೋಚುತ್ತಿಲ್ಲ. ಕುಕ್ಕರ್, ಅಕ್ಕಿ, ಸಾರಿನ ಪುಡಿ ಒಯ್ಯೋಣವೆಂದರೆ, ಅತಿಥಿಗಳು ಅಡುಗೆಮನೆ ಬಳಸುವಂತಿಲ್ಲವೆಂದು ಕರಾರಿನಲ್ಲಿದೆ.

ಇಂತಹ ಷಾಲೆಗಳಲ್ಲಿ ತಂಗಿದ್ದವರು ದಯವಿಟ್ಟು ತಿಳಿಸಿ: ಅಡುಗೆಯವರಿಗೆ ಮುಂಚಿತವಾಗಿ ಯಾವ ಯಾವ ತಿನಿಸುಗಳ ಹೆಸರು ಬರೆದುಕೊಟ್ಟಿರಿ, ಮತ್ತು ಅವರ ರಜೆಯ ರಾತ್ರಿಯಲ್ಲಾದರೂ ನಿಮಗೆ ಒಲೆ ಬಳಸಲು ಅನುಮತಿ ದೊರೆಯಿತೇ?