ಸಹಾಯ ಬೇಕು: ಯಾಶಿಕಾ ಫೋಟೋದಲ್ಲಿ ಕಾಣುವ ಆ ಆಳ ಎಲ್ಲಿಂದ ಬರುತ್ತದೆ?

ಎಲ್ಲರಿಗೂ ನಮಸ್ಕಾರ. ಮಾವನ ಹಳೇ ಫಿಲ್ಮ್ ಕ್ಯಾಮೆರಾ ಯಾಶಿಕಾ ಮ್ಯಾಟ್ 124ಜಿ ಈಗ ನನ್ನ ಕೈಗೆ ಬಂದಿದೆ. ಮೊದಲ ಕಪ್ಪು ಬಿಳುಪು ರೋಲ್ ಮುಗಿಸಿದೆ. ಇರುವುದೇ 12 ಫೋಟೋ, ಅದರಲ್ಲಿ ನಾಲ್ಕು ಹಾಳು. ಮೇಲಿನಿಂದ ಬಗ್ಗಿ ನೋಡುವಾಗ ಎಡ ಬಲ ಅದಲು ಬದಲಾಗಿ ಕಾಣುತ್ತದೆ, ನಾನು ಪ್ರತಿ ಸಲ ಉಲ್ಟಾ ಕಡೆಗೇ ತಿರುಗಿಸುತ್ತಿದ್ದೆ!

ಆದರೆ ಒಂದು ಫೋಟೋ ತಲೆ ಕೆಡಿಸಿದೆ. ಅಜ್ಜಿ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದಾರೆ. ಕೈಯಲ್ಲಿರುವ ಬಾಳೆನಾರು ಎಳೆ ಎಳೆಯಾಗಿ ಕಾಣುತ್ತದೆ. ಅಲ್ಲಿಂದ ಕಿವಿಯ ಓಲೆ, ಹಿಂದಿನ ಕಂಬ, ಬಾಗಿಲು, ಹೀಗೆ ಮೆಲ್ಲಗೆ ಕರಗುತ್ತಾ ಹೋಗುತ್ತದೆ. ಅಜ್ಜಿಯನ್ನು ಕತ್ತರಿಸಿ ಅಂಟಿಸಿದ ಹಾಗಿಲ್ಲ. ಅವರ ಸುತ್ತ ಗಾಳಿ ಇದೆ ಅನಿಸುತ್ತದೆ.

ಲೆಕ್ಕ ಹಾಕಿ ನೋಡಿದೆ. ನೆಗೆಟಿವ್ 56×56 ಮಿ.ಮೀ., ಲೆನ್ಸ್ 80 ಎಂಎಂ ಎಫ್/3.5 (ಎಫ್ ಸಂಖ್ಯೆ ಚಿಕ್ಕದಾದಷ್ಟು ಹಿನ್ನೆಲೆ ಮಸುಕು ಹೆಚ್ಚು). ಕರ್ಣದ ಅಳತೆಯಲ್ಲಿ ಫುಲ್ ಫ್ರೇಮ್‌ಗೆ (36×24 ಮಿ.ಮೀ.) ಇಳಿಸಿದರೆ ಸುಮಾರು 44 ಎಂಎಂ ಎಫ್/1.9. ಹಾಗಾದರೆ ನನ್ನ 50 ಎಂಎಂ ಎಫ್/1.8 ಲೆನ್ಸಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಮಸುಕು ಬರಬೇಕು, ಅಲ್ವಾ? ಅದೇ ಜಾಗದಲ್ಲಿ, ಅದೇ ಹೊತ್ತಿಗೆ ತೆಗೆದೆ. ಮಸುಕು ಬಂತು, ಆ ಗಾಳಿ ಬರಲಿಲ್ಲ.

ದೊಡ್ಡ ನೆಗೆಟಿವ್‌ನಲ್ಲಿ ಬೂದು ಛಾಯೆಗಳು ನುಣುಪಾಗಿ ಬರುವುದು ಕಾರಣವೋ, ಹಳೇ ಲೆನ್ಸಿನ ಗುಣವೋ, ಇಲ್ಲ ಸುಮ್ನೆ ನನ್ನ ಮೋಹವೋ? 44×33 ಮಿ.ಮೀ. ಸೆನ್ಸರ್‌ನ ಡಿಜಿಟಲ್ ಕ್ಯಾಮೆರಾ ಫ್ಯೂಜಿ ಜಿಎಫ್‌ಎಕ್ಸ್ ಬಳಸಿದವರು ಯಾರಾದರೂ ಇದ್ದರೆ ಹೇಳಿ, ಅದರಲ್ಲಿ ಇದು ಸಿಗುತ್ತದಾ? ಒಂದು ದಿನದ ಬಾಡಿಗೆಯೇ ನನಗೆ ಜಾಸ್ತಿ, ಅದಕ್ಕೇ ಮೊದಲು ಕೇಳುತ್ತಿದ್ದೇನೆ. ಎರಡೂ ಫೋಟೋ ಕೆಳಗೆ ಹಾಕಿದ್ದೇನೆ.